ಮೇಜಿನ ಮೇಲಿನ ಒಲೆ

ಅಡಿಗೆಯ ವಿಷಯವಾಗಿ ಲೇಖನಿ ಹಿಡಿದವರು ಚೀನಾ ದೇಶದಲ್ಲಿ ಅನೇಕರು ಆಗಿಹೋಗಿದ್ದಾರೆ. ಅವರೊಳಗೆ ಯುವಾನ್ ಮೇ ಎಂಬವನಷ್ಟು ಖಂಡಿತವಾಗಿ ಮಾತನಾಡಿದವರು ವಿರಳ. 1716ರಲ್ಲಿ ಹುಟ್ಟಿದ ಈತ ಕವಿ. ಕೆಲಕಾಲ ಸರ್ಕಾರದ ಅಧಿಕಾರಿಯಾಗಿದ್ದು, ಆ ಸಹವಾಸ ಸಾಕೆನಿಸಿ, ಮೂವತ್ತು ದಾಟಿದ ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟು ನಾನ್‌ಜಿಂಗ್ ನಗರದಲ್ಲಿ ಒಂದು ತೋಟ ಕೊಂಡು ನೆಲಸಿದ. ಯಾರ ಮನೆಯಲ್ಲಾದರೂ ಉಂಡದ್ದು ರುಚಿಯೆನಿಸಿದರೆ ತನ್ನ ಅಡಿಗೆಯವನನ್ನು ಆ ಮನೆಗೆ ಕಳುಹಿಸಿ, ವಿನಯದಿಂದ ಕಲಿತು ಬಾ ಎನ್ನುತ್ತಿದ್ದನಂತೆ. ಹೀಗೆ ನಲವತ್ತು ವರ್ಷ ಕೂಡಿಹಾಕಿದ್ದನ್ನು 1792ರಲ್ಲಿ ಪುಸ್ತಕವಾಗಿ ಹೊರತಂದ. ಆ ಪುಸ್ತಕದ ಮೊದಲಲ್ಲಿ ಅಡಿಗೆಯವನು ತಿಳಿದಿರಬೇಕಾದ ಸಂಗತಿಗಳ ಪಟ್ಟಿಯಿದೆ. ಅದರ ಬೆನ್ನಿಗೇ ಮಾಡಬಾರದ ಸಂಗತಿಗಳ ಪಟ್ಟಿ. ಮಾಡಬಾರದವುಗಳಲ್ಲಿ ಒಂದು, ಮೇಜಿನ ಮೇಲೆ ಒಲೆಯಿಟ್ಟು ಕುದಿಯುವ ಪಾತ್ರೆಯ ಸುತ್ತ ಕುಳಿತು ಉಣ್ಣುವುದು.

ಚೀನೀಯರು ಈ ಬಗೆಯ ಊಟವನ್ನು 'ಹ್ವೋ ಗ್ವೋ' ಎನ್ನುತ್ತಾರೆ, ಎಂದರೆ ಬೆಂಕಿಯ ಪಾತ್ರೆ. ಇಂಗ್ಲಿಷಿನವರು ಅದನ್ನು ಹಾಟ್ ಪಾಟ್ ಎಂದರು. ನಮಗೂ ಆ ಹೆಸರೇ ರೂಢಿಗೆ ಬಂದಿದೆ. ಯುವಾನ್ ಮೇಯ ಆಕ್ಷೇಪಗಳು ಕೇಳತಕ್ಕವು. ಮೊದಲನೆಯದು ಗಲಾಟೆ, ಅತಿಥಿಯ ಮುಖದೆದುರಿಗೇ ಪಾತ್ರೆ ಕೊತಕೊತನೆ ಕುದಿಯುತ್ತಿದ್ದರೆ ಅದೇನು ಮರ್ಯಾದೆ ಎಂದು ಅವನ ಪ್ರಶ್ನೆ. ಎರಡನೆಯದು ಇನ್ನೂ ಮುಖ್ಯವಾದದ್ದು. ಒಂದೊಂದು ಪದಾರ್ಥಕ್ಕೂ ಅದರದರ ಉರಿ ಇದೆ, ಅದರದರ ಹೊತ್ತು ಇದೆ. ಒಂದಕ್ಕೆ ಜೋರು ಉರಿ ಬೇಕು, ಇನ್ನೊಂದಕ್ಕೆ ಸಣ್ಣ ಉರಿ. ಒಂದನ್ನು ಕ್ಷಣ ಮೊದಲೇ ಇಳಿಸಬೇಕು, ಇನ್ನೊಂದನ್ನು ಗಳಿಗೆ ತಡೆದು ಇಳಿಸಬೇಕು. ಎಲ್ಲವನ್ನೂ ಒಂದೇ ಕುದಿಗೆ ಹಾಕಿದ ಮೇಲೆ ರುಚಿಯ ಮಾತೆಲ್ಲಿ ಬಂತು? ಆ ಕಾಲದಲ್ಲಿ ಕೆಲವರು ಇದ್ದಲಿಗೆ ಬದಲಾಗಿ ಮದ್ಯಸಾರ ಉರಿಸಿ ಬುದ್ಧಿವಂತರಾದೆವೆಂದು ಬೀಗುತ್ತಿದ್ದರು. ಅವರನ್ನೂ ಆತ ಬಿಡಲಿಲ್ಲ. ಉರಿ ಯಾವುದರದಾದರೇನು, ಮತ್ತೆ ಮತ್ತೆ ಕುದಿದದ್ದು ಕೆಟ್ಟೇ ಕೆಡುತ್ತದೆ ಎಂದ. ಹಾಗಾದರೆ ಚಳಿಗಾಲದಲ್ಲಿ ಊಟ ಆರಿಹೋಗುವುದಿಲ್ಲವೆ ಎಂದು ಯಾರೋ ಕೇಳಿದರಂತೆ. ಬಿಸಿಬಿಸಿಯಾಗಿ ಬಂದದ್ದನ್ನು ಅತಿಥಿಗಳು ಆರುವ ತನಕ ಉಳಿಸಿದರೆಂದರೆ ಅದು ಎಂಥ ಅಡಿಗೆಯೆಂದು ನೀವೇ ತಿಳಿದುಕೊಳ್ಳಿ ಎಂಬುದು ಅವನ ಉತ್ತರದ ಸಾರಾಂಶ. ನಮ್ಮ ಊರಿನ ಹಳೆಯ ಬಾಣಸಿಗರ ಬಾಯಲ್ಲಿಯೂ ಇಂಥ ಮಾತನ್ನು ಕೇಳಬಹುದು.

ಇಷ್ಟು ಹೇಳಿದ ಮನುಷ್ಯನೇ, ಪುಸ್ತಕದ ಮುಂದಿನ ಭಾಗದಲ್ಲಿ ಹಕ್ಕಿಗಳ ಅಧ್ಯಾಯಕ್ಕೆ ಬಂದಾಗ, ಕೋಳಿಗೆ ಅಗ್ರಪೂಜೆ ಸಲ್ಲಿಸಿದ್ದಾನೆ. ಮಿಕ್ಕ ಅಡಿಗೆಗಳೆಲ್ಲ ಕೋಳಿಯ ಉಪಕಾರದಿಂದಲೇ ನಡೆಯುವುದರಿಂದ ಅದಕ್ಕೆ ಮೊದಲ ಸ್ಥಾನವೆಂದು ಕಾರಣವನ್ನೂ ಕೊಟ್ಟಿದ್ದಾನೆ. ಇಂದಿನ ಚೀನಾದ ದಕ್ಷಿಣದ ಪಟ್ಟಣಗಳಲ್ಲಿ ಬೀದಿಬೀದಿಗೂ ಕೋಳಿಯ ಹಾಟ್ ಪಾಟ್ ಹೋಟೆಲುಗಳಿವೆ. ಯುವಾನ್ ಮೇಯನ್ನು ಕರೆತಂದು ಅಂಥದೊಂದರಲ್ಲಿ ಕೂಡಿಸಿದರೆ ಅರ್ಧ ಸಂತೋಷವನ್ನೂ ಅರ್ಧ ಕೋಪವನ್ನೂ ಒಟ್ಟಿಗೇ ಪಡುತ್ತಿದ್ದನೇನೋ. ಕಳೆದ ಬಾರಿ ಶೆನ್‌ಜೆನ್ ನಗರಕ್ಕೆ ಹೋಗಿದ್ದಾಗ ಅಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ ನನ್ನನ್ನು ಅಂಥ ಒಂದು ಹೋಟೆಲಿಗೆ ಕರೆದೊಯ್ದಿದ್ದ. ಆ ಮೇಜಿನ ಮೇಲಿದ್ದ ಸಾಮಾನುಗಳನ್ನು ನೋಡುತ್ತ ಕುಳಿತಾಗ, ಒಂದೊಂದರ ಹಿಂದೆಯೂ ಹಳೆಯ ಜಗಳವೊಂದು ಇದೆಯೆಂದು ನನಗೆ ತೋರಿತು. ಆ ಜಗಳದ ಚರಿತ್ರೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ. ಮಾಂಸದ ಸುದ್ದಿ ರುಚಿಸದ ಓದುಗರು ಸ್ವಲ್ಪ ಸೈರಿಸಿಕೊಳ್ಳಬೇಕು. ಅವರ ಪಕ್ಷದ ಮಾತೂ ಕೊನೆಗೆ ಬರುತ್ತದೆ.

ಹಾಟ್ ಪಾಟ್ ಎಷ್ಟು ಹಳೆಯದು? ಕ್ರಿ. ಪೂ. 74ರಲ್ಲಿ ಲಿಯು ಹೆ ಎಂಬ ರಾಜಕುಮಾರ ಹಾನ್ ಸಿಂಹಾಸನವನ್ನು ಏರಿ 27 ದಿವಸಕ್ಕೆ ಇಳಿದ. ಇಳಿಯಲಿಲ್ಲ, ಇಳಿಸಿದರು. ಆಮೇಲೆ ಅವನಿಗೆ ಹೈಹುನ್ ಎಂಬ ಊರಿನ ಸಾಮಂತ ಪದವಿ ಕೊಟ್ಟು ದೂರವಿಟ್ಟರು, ಕ್ರಿ. ಪೂ. 59ರಲ್ಲಿ ಅಲ್ಲಿಯೇ ತೀರಿಕೊಂಡ. ನಾನ್‌ಚಾಂಗ್ ನಗರದ ಬಳಿ ಅವನ ಸಮಾಧಿ 2011ರಲ್ಲಿ ಪತ್ತೆಯಾಯಿತು. ಅಗೆದಾಗ ಚಿನ್ನದ ನಾಣ್ಯಗಳ ರಾಶಿಯ ಜೊತೆಗೆ ಒಂದು ಕಂಚಿನ ಪಾತ್ರೆಯೂ ಹೊರಬಂತು. ಮೇಲೆ ಬೇಯಿಸುವ ಬಟ್ಟಲು, ಕೆಳಗೆ ಇದ್ದಲಿಡುವ ತಟ್ಟೆ. ರಾಜ್ಯ ಹೋದರೂ ಬಿಸಿಯೂಟ ಹೋಗಲಿಲ್ಲವೆಂದಾಯಿತು.

ಇದಕ್ಕೆ ಸುಮಾರು ಮುನ್ನೂರು ವರ್ಷ ಈಚೆಗೆ, ವೇಯ್ ರಾಜ್ಯದ ಯುವರಾಜ ತ್ಸಾವ್ ಪೀ ತನ್ನ ಮಂತ್ರಿಯಾದ ಜೋಂಗ್ ಯಾವ್‌ಗೆ 'ಐದು ಪಾಕದ ಪಾತ್ರೆ' ಒಂದನ್ನು ಎರಕ ಹೊಯ್ಯಿಸಿ ಬಹುಮಾನವಾಗಿ ಕಳುಹಿಸಿದನೆಂದು ಆ ಕಾಲದ ಇತಿಹಾಸದಲ್ಲಿ ಬರೆದಿದೆ. ಒಂದೇ ಪಾತ್ರೆಯೊಳಗೆ ಐದು ಮನೆಗಳಿದ್ದು, ಐದರಲ್ಲೂ ಬೇರೆ ಬೇರೆ ಸಾರು ಕುದಿಯುತ್ತಿತ್ತೆಂದು ಬಲ್ಲವರು ಅರ್ಥಮಾಡುತ್ತಾರೆ. ಒಂದೇ ಪಾತ್ರೆ ಬೇಕು, ಆದರೆ ಒಂದರ ರುಚಿ ಇನ್ನೊಂದಕ್ಕೆ ಹತ್ತಬಾರದು. ಆ ತಕರಾರು ಅಷ್ಟು ಹಿಂದಿನಿಂದಲೇ ಇತ್ತೆಂಬುದಕ್ಕೆ ಇದು ಸಾಕ್ಷಿ.

ಆದರೆ ಹಾಟ್ ಪಾಟಿನ ಪರವಾಗಿ ಮನಸ್ಸು ಬಿಚ್ಚಿ ಬರೆದವನು ಹದಿಮೂರನೆಯ ಶತಮಾನದ ಲಿನ್ ಹುಂಗ್. ಈತ ವೂಯಿ ಬೆಟ್ಟದಲ್ಲಿದ್ದ ಗುರುವೊಬ್ಬನನ್ನು ಕಾಣಲು ಹೊರಟ. ಹಿಮ ಬೀಳುತ್ತಿತ್ತು. ದಾರಿಯಲ್ಲಿ ಒಂದು ಮೊಲ ಸಿಕ್ಕಿತು. ಅದನ್ನು ಅಡಿಗೆ ಮಾಡಬಲ್ಲವರು ಯಾರೂ ಅಲ್ಲಿರಲಿಲ್ಲ. ಗುರು ಹೇಳಿದ ಉಪಾಯ ಇದು: ಮಾಂಸವನ್ನು ತೆಳುವಾಗಿ ಕೊಯ್ದು, ಮದ್ಯ, ಸೋಯಾ ರಸ, ಮೆಣಸಿನಲ್ಲಿ ನೆನೆಹಾಕುವುದು, ಮೇಜಿನ ಮೇಲೆ ಒಲೆಯಿಟ್ಟು ಪಾತ್ರೆಯಲ್ಲಿ ಅರ್ಧ ನೀರು ಕಾಯಿಸುವುದು, ಕುದಿ ಬಂದ ಮೇಲೆ ಒಬ್ಬೊಬ್ಬರ ಕೈಗೂ ಊಟದ ಕಡ್ಡಿ ಕೊಟ್ಟು, ತಾವೇ ಅದ್ದಿ ಅಲ್ಲಾಡಿಸಿ ಬೇಯಿಸಿಕೊಂಡು ತಿನ್ನಲು ಬಿಡುವುದು. ಲಿನ್ ಹುಂಗನಿಗೆ ಇದು ಬಹಳ ಹಿಡಿಸಿತು. ಕೆಲಸ ಸುಲಭ ಎನ್ನುವುದಕ್ಕಿಂತ, ಸುತ್ತ ಕೂಡಿ ಕುಳಿತವರಿಗೆ ಸಿಗುವ ಬೆಚ್ಚನೆಯ ಸುಖ ಅವನ ಮನಸ್ಸಿನಲ್ಲಿ ನಿಂತಿತು. ಐದಾರು ವರ್ಷಗಳ ಮೇಲೆ ರಾಜಧಾನಿಯಾದ ಹಾಂಗ್‌ಜೋ ನಗರದ ಒಬ್ಬ ಗೃಹಸ್ಥನ ಮನೆಯಲ್ಲಿ ಅದೇ ಊಟವನ್ನು ಮತ್ತೆ ಕಂಡಾಗ ಹಳೆಯ ಹಿಮದ ದಿನ ನೆನಪಾಗಿ, ಅದನ್ನು ಬರೆದಿಟ್ಟ.

ಲಿನ್ ಹುಂಗ್ ಒಂದು ಕಡೆ, ಯುವಾನ್ ಮೇ ಇನ್ನೊಂದು ಕಡೆ. ಇಬ್ಬರ ನಡುವೆ ಐನೂರು ವರ್ಷಗಳ ಅಂತರವಿದ್ದರೂ ಇವರು ಎದುರುಬದುರು ಕುಳಿತು ವಾದಿಸಿದಂತೆ ನನಗೆ ಕೇಳಿಸುತ್ತದೆ. ಒಬ್ಬನಿಗೆ ಊಟವೆಂದರೆ ಪದಾರ್ಥ, ಇನ್ನೊಬ್ಬನಿಗೆ ಪಂಕ್ತಿ. ನ್ಯಾಯವಾಗಿ ನೋಡಿದರೆ ಯುವಾನ್ ಮೇಯ ವಾದವೇ ಬಲವಾದದ್ದು. ಆದರೆ ಗೆದ್ದವನು ಲಿನ್ ಹುಂಗ್. ಯುವಾನ್ ಮೇಯ ಪುಸ್ತಕ ಹೊರಬಂದ ನಾಲ್ಕೇ ವರ್ಷಕ್ಕೆ, 1796ರಲ್ಲಿ, ಸಿಂಹಾಸನವನ್ನು ಮಗನಿಗೆ ಬಿಟ್ಟುಕೊಟ್ಟ ಚಿಯಾನ್‌ಲಾಂಗ್ ಚಕ್ರವರ್ತಿ ಬೀಜಿಂಗ್ ಅರಮನೆಯಲ್ಲಿ 3000ಕ್ಕೂ ಹೆಚ್ಚು ಮಂದಿ ವೃದ್ಧರಿಗೆ ಔತಣ ಕೊಟ್ಟ. ಮಾಘದ ಚಳಿ, ಮುದುಕರ ಹಲ್ಲು, ಮುದುಕರ ಹೊಟ್ಟೆ. ಮೇಲಿನ ಪಂಕ್ತಿಯವರ ಮುಂದೆ ಬೆಳ್ಳಿ ಮತ್ತು ತವರದ ಹಾಟ್ ಪಾಟ್, ಕೆಳಗಿನ ಪಂಕ್ತಿಯವರ ಮುಂದೆ ತಾಮ್ರದ್ದು. ಒಂದೇ ಒಲೆಯೂಟವಾದರೂ ಪಾತ್ರೆಯ ಲೋಹದಲ್ಲಿ ಅಂತಸ್ತು ಉಳಿದೇ ಇತ್ತು.

ಅರಮನೆಯಿಂದ ಬೀದಿಗೆ ಬರೋಣ. 1903ರಲ್ಲಿ ಬೀಜಿಂಗಿನ ಡಾಂಗ್‌ಆನ್ ಮಾರುಕಟ್ಟೆಯಲ್ಲಿ ಡಿಂಗ್ ದೆಶಾನ್ ಎಂಬ ಹುಯಿ ಮುಸಲ್ಮಾನ ಸಣ್ಣದೊಂದು ಅಂಗಡಿಯಿಟ್ಟ. ಅದೇ ಮುಂದೆ ಡಾಂಗ್‌ಲಾಯ್‌ಶುನ್ ಎಂಬ ಹೆಸರಾಂತ ಹೋಟೆಲಾಗಿ, ಕಾಗದದಷ್ಟು ತೆಳುವಾಗಿ ಕೊಯ್ದ ಕುರಿಮಾಂಸವನ್ನು ಹೊಗೆಕೊಳವೆಯುಳ್ಳ ಪಾತ್ರೆಯಲ್ಲಿ ಅದ್ದಿ ತಿನ್ನುವ ಪದ್ಧತಿಗೆ ಪ್ರಸಿದ್ಧವಾಯಿತು. ದಕ್ಷಿಣ-ಪಶ್ಚಿಮದಲ್ಲಿ, ಯಾಂಗ್‌ತ್ಸೆ ಮತ್ತು ಜಿಯಾಲಿಂಗ್ ನದಿಗಳು ಕೂಡುವ ಚೋಂಗ್‌ಚಿಂಗ್ ಪಟ್ಟಣದಲ್ಲಿ, ದೋಣಿಯವರೂ ಹಮಾಲರೂ ಅಗ್ಗಕ್ಕೆ ಸಿಗುತ್ತಿದ್ದ ದನದ ಕರುಳು ಹೊಟ್ಟೆಗಳನ್ನು ಕೆಂಪಗೆ ಖಾರವಾದ ಸಾರಿನಲ್ಲಿ ಬೇಯಿಸಿ ತಿನ್ನುತ್ತಿದ್ದರು. ಆ ಖಾರವೂ ಬಹಳ ಹಳೆಯದಲ್ಲ. ಮೆಣಸಿನಕಾಯಿ ಅಮೆರಿಕಾ ಖಂಡದಿಂದ ನಮ್ಮಲ್ಲಿಗೆ ಪೋರ್ಚುಗೀಸರ ಹಡಗಿನಲ್ಲಿ ಬಂದಂತೆ, ಚೀನಾಕ್ಕೂ ಸಮುದ್ರದ ದಾರಿಯಲ್ಲಿಯೇ ಬಂತು. 1591ರ ಒಂದು ಚೀನೀ ಗ್ರಂಥದಲ್ಲಿ ಅದು ಹೂಗಿಡಗಳ ಸಾಲಿನಲ್ಲಿ ನಿಂತಿದೆ, ಅಡಿಗೆಯ ಸಾಲಿನಲ್ಲಿ ಅಲ್ಲ. ಚೋಂಗ್‌ಚಿಂಗ್‌ನ ಪಾತ್ರೆಗೆ ಒಂದು ವಿಶೇಷವುಂಟು. ಅಡ್ಡ ನಾಲ್ಕು ಪಟ್ಟಿಗಳನ್ನಿಟ್ಟು ಅದನ್ನು ಒಂಬತ್ತು ಮನೆಗಳಾಗಿ ಮಾಡಿರುತ್ತಾರೆ. ಗುರುತುಪರಿಚಯವಿಲ್ಲದ ಒಂಬತ್ತು ಜನ ಒಂದೇ ಪಾತ್ರೆಯ ಸುತ್ತ ಕುಳಿತು, ಅವರವರ ಮನೆಯಲ್ಲಿ ಅವರವರು ಬೇಯಿಸಿಕೊಂಡು, ಅಷ್ಟಕ್ಕೇ ಹಣ ಕೊಟ್ಟು ಹೋಗುತ್ತಿದ್ದರೆಂದು ಅಲ್ಲಿಯವರು ಹೇಳುತ್ತಾರೆ. ಸಾರು ಮಾತ್ರ ಪಟ್ಟಿಗಳ ಕೆಳಗಿನಿಂದ ಒಂದೇ.

ಇಲ್ಲಿಗೆ ಬಂದಾಗ ನಮ್ಮ ಓದುಗರ ಮನಸ್ಸಿನಲ್ಲಿ ಒಂದು ಮಾತು ಎದ್ದಿರಲೇಬೇಕು: ಎಂಜಲು. ಬಾಯಿಗೆ ಹೋದ ಕಡ್ಡಿಯೇ ಮತ್ತೆ ಪಾತ್ರೆಗೆ! ನಮ್ಮ ಅಜ್ಜಿಯಂದಿರಾದರೆ ಆ ಮನೆಯ ಹೊಸ್ತಿಲನ್ನೂ ತುಳಿಯುತ್ತಿರಲಿಲ್ಲ. ನಮ್ಮ ಪದ್ಧತಿ ಇದಕ್ಕೆ ನೇರ ವಿರುದ್ಧ. ಅಡಿಗೆ ಒಳಮನೆಯಲ್ಲಿ, ಊಟ ಹೊರಗೆ, ಸಾಲಾಗಿ, ಒಬ್ಬೊಬ್ಬರಿಗೆ ಒಂದೊಂದು ಎಲೆ, ಬಡಿಸುವವನ ಸೌಟು ಎಲೆಗೆ ತಾಗಬಾರದು. ಇದರಲ್ಲಿ ಶುಚಿತ್ವದ ಅಂಶ ಇದೆ, ಅಲ್ಲವೆನ್ನುವುದಿಲ್ಲ. ಆದರೆ ಯಾರು ಆ ಸಾಲಿನಲ್ಲಿ ಕೂಡಬಹುದು, ಯಾರು ಕೂಡಬಾರದು ಎಂಬ ಲೆಕ್ಕವೂ ಅದೇ ಎಲೆಯ ಜೊತೆಗೆ ಬಂದದ್ದು ಎಂಬುದನ್ನು ಮರೆಯುವಂತಿಲ್ಲ. ಚೀನೀಯರಲ್ಲಿ ಒಂದೇ ಪಾತ್ರೆಯ ಮೇಲೆ ಬಂದ ಆಕ್ಷೇಪ ಜಾತಿಯ ದಾರಿಯಿಂದ ಬರಲಿಲ್ಲ. ರೋಗದ ದಾರಿಯಿಂದ ಬಂತು.

ಆ ಆಕ್ಷೇಪವನ್ನು ಎತ್ತಿದವರು ಡಾಕ್ಟರ್ ವು ಲಿಯನ್-ತೆ. 1879ರಲ್ಲಿ ಪೆನಾಂಗಿನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ವೈದ್ಯ ಕಲಿತು, ಚೀನಾಕ್ಕೆ ಹೋಗಿ ನೆಲಸಿದವರು. 1910-11ರ ಚಳಿಗಾಲದಲ್ಲಿ ಮಂಚೂರಿಯಾದಲ್ಲಿ ಪ್ಲೇಗು ಹಬ್ಬಿ ಸುಮಾರು 60,000 ಜನ ಸತ್ತರು. ಹಾರ್ಬಿನ್ ಪಟ್ಟಣದಲ್ಲಿ ನಿಂತು ಆ ಮಾರಿಯನ್ನು ಅಡಗಿಸಿದವರು ಇವರೇ. ರೋಗ ಉಸಿರಿನಿಂದ ಹರಡುತ್ತಿದೆಯೆಂದು ಕಂಡುಕೊಂಡು, ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳಿರೆಂದು ಹೇಳಿದರು. ಪ್ಲೇಗು ಇಳಿದ ಮೇಲೆ ಅವರ ಕಣ್ಣು ಊಟದ ಮೇಜಿನ ಮೇಲೆ ಬಿತ್ತು. ಎಲ್ಲರೂ ತಮ್ಮ ತಮ್ಮ ಕಡ್ಡಿಯನ್ನು ಒಂದೇ ತಟ್ಟೆಗೆ ಹಾಕುವುದನ್ನು ಕಂಡು, ಒಬ್ಬೊಬ್ಬರಿಗೆ ಬೇರೆ ಬೇರೆ ಬಡಿಸುವುದೇ ಉತ್ತಮವೆಂದು ವೈದ್ಯರಾಗಿ ಅವರು ಬಲ್ಲವರು. ಹಾಗೆ ಮಾಡಿದರೆ ಚೀನೀ ಊಟದ ಸೊಗಸೇ ಹೋಯಿತೆಂದು ಉಣ್ಣುವವರಾಗಿಯೂ ಬಲ್ಲವರು. 1915ರಲ್ಲಿ ಒಂದು ನಡುಹಾದಿಯನ್ನು ಸೂಚಿಸಿದರು: ಮೇಜಿನ ನಡುವೆ ತಿರುಗುವ ಒಂದು ಹಲಗೆ, ಅದರ ಮೇಲೆ ತಟ್ಟೆಗಳು, ತಟ್ಟೆ ತಟ್ಟೆಗೂ ಬಡಿಸಿಕೊಳ್ಳಲು ಸಾರ್ವಜನಿಕವಾದ ಚಮಚ, ಕಡ್ಡಿ. ಇಂದು ಜಗತ್ತಿನ ಯಾವ ಊರಿನ ಚೀನೀ ಹೋಟೆಲಿಗೆ ಹೋದರೂ ತಿರುಗುವ ಹಲಗೆ ಕಾಣಬಹುದು. ಸಾರ್ವಜನಿಕ ಕಡ್ಡಿ ಮಾತ್ರ ಅಷ್ಟು ಬೇಗ ಮನೆಗಳನ್ನು ಹೊಗಲಿಲ್ಲ. ಅತ್ತೆಯ ಎದುರಿಗೆ ಬೇರೆ ಕಡ್ಡಿ ತೆಗೆದರೆ ಅವಳನ್ನು ರೋಗಿಷ್ಠೆ ಎಂದಂತೆ ಆಗುವುದಿಲ್ಲವೆ?

2003ರಲ್ಲಿ ಸಾರ್ಸ್ ಬಂದಿತು. ಬೀಜಿಂಗಿನಲ್ಲಿ 1998ರಲ್ಲಿ ಆರಂಭವಾಗಿದ್ದ ಶಿಯಾಬು ಶಿಯಾಬು ಎಂಬ ಹೋಟೆಲಿನಲ್ಲಿ ಉದ್ದನೆಯ ಕಟ್ಟೆಯ ಮುಂದೆ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಪಾತ್ರೆಯಿಡುತ್ತಿದ್ದರು. ಮೊದಲು ಜನ ಅದನ್ನು ಅಷ್ಟಾಗಿ ಮೂಸಿ ನೋಡಿರಲಿಲ್ಲ. ಒಬ್ಬನೇ ಕುಳಿತು ಹಾಟ್ ಪಾಟ್ ತಿನ್ನುವುದು ಒಬ್ಬನೇ ಕುಳಿತು ಪಗಡೆಯಾಡಿದಂತೆ ಎಂದು ಅನ್ನಿಸಿದ್ದಿರಬೇಕು. ಸಾರ್ಸಿನ ಭಯ ಹಬ್ಬಿದ ಮೇಲೆ ಅದೇ ಹೋಟೆಲು ತುಂಬತೊಡಗಿತು. ಮತ್ತೆ 2020ರ ಜನವರಿಯ ಕೊನೆಯಲ್ಲಿ, ಹೊಸವರ್ಷದ ಹಬ್ಬಕ್ಕೆಂದು ಹಾಂಗ್‌ಕಾಂಗಿನ ಒಂದೇ ಕುಟುಂಬದ 19 ಜನ ಕೂಡಿ ಹಾಟ್ ಪಾಟ್ ಊಟ ಮಾಡಿದರು. ಅವರಲ್ಲಿ ಹಲವರಿಗೆ ಕೋವಿಡ್ ತಗುಲಿ, ಆ ಊಟ ಪತ್ರಿಕೆಗಳ ಮೊದಲ ಪುಟಕ್ಕೆ ಬಂತು. ಕುದಿಯುವ ಸಾರಿನಲ್ಲಿ ಯಾವ ವಿಷಾಣು ಬದುಕೀತು? ಮುಚ್ಚಿದ ಕೋಣೆಯಲ್ಲಿ ಮೈಗೆ ಮೈ ತಾಗುವಂತೆ ಕುಳಿತು ಗಂಟೆಗಟ್ಟಲೆ ಹರಟಿದ್ದು ಸಾಲದೆ? ಆದರೂ ಅಪವಾದ ಹೊತ್ತದ್ದು ಪಾತ್ರೆ. ಆ ವರ್ಷ ಚೀನಾದ ಊರೂರುಗಳಲ್ಲಿ ಸಾರ್ವಜನಿಕ ಕಡ್ಡಿಯ ಪ್ರಚಾರ ಮತ್ತೆ ಜೋರಾಗಿ ನಡೆಯಿತು.

ಕೋಳಿಗೂ ಅದರ ಪಾಲಿನ ಅಪವಾದ ಬಾರದೆ ಹೋಗಲಿಲ್ಲ. 1997ರಲ್ಲಿ ಹಾಂಗ್‌ಕಾಂಗಿನಲ್ಲಿ ಹಕ್ಕಿಜ್ವರ 18 ಮಂದಿಗೆ ತಗುಲಿ ಆರು ಮಂದಿ ಸತ್ತರು. ಆ ವರ್ಷದ ಕೊನೆಯ ದಿವಸಗಳಲ್ಲಿ ಊರಿನ ಕೋಳಿಗಳನ್ನೆಲ್ಲ, ಹತ್ತು ಲಕ್ಷಕ್ಕೂ ಮಿಕ್ಕಿ, ಕೊಂದುಹಾಕಿದರು. ಕೋಳಿಯಿಲ್ಲದೆ ಔತಣವಿಲ್ಲ ಎಂಬ ಗಾದೆ ಹುಟ್ಟಿದ ನಾಡಿಗೆ ಇದು ಎಷ್ಟು ದೊಡ್ಡ ಆಘಾತವಾಗಿರಬೇಕೆಂದು ಊಹಿಸಬಹುದು.

ಈಗ ಶೆನ್‌ಜೆನ್‌ಗೆ ಬರುತ್ತೇನೆ. 1980ರಲ್ಲಿ ಅದನ್ನು ವಿಶೇಷ ಆರ್ಥಿಕ ವಲಯವೆಂದು ಸಾರಿದಾಗ ಅದು ಹಾಂಗ್‌ಕಾಂಗಿನ ಗಡಿಯಲ್ಲಿದ್ದ ಸಣ್ಣ ಸಂತೆಯೂರು. 2020ರ ಜನಗಣತಿಯಲ್ಲಿ 1 ಕೋಟಿ 75 ಲಕ್ಷ ಜನ. ಎಂದರೆ ಊರಿನ ಜನರೆಲ್ಲ ಹೊರಗಿನವರೇ ಎನ್ನಬಹುದು; ಹೂನಾನಿನವರು, ಸಿಚುವಾನಿನವರು, ಈಶಾನ್ಯದ ಹಿಮದ ಸೀಮೆಯವರು. ಇಂಥ ಊರಿನಲ್ಲಿ ಹೋದ ದಶಕದಿಂದ ಈಚೆಗೆ ಬಹಳ ಜನಪ್ರಿಯವಾಗಿರುವುದು ತೆಂಗಿನಕಾಯಿ ಕೋಳಿಯ ಹಾಟ್ ಪಾಟ್. ಇದರ ಮೂಲ ಹೈನಾನ್ ದ್ವೀಪ. 1988ರವರೆಗೂ ಗ್ವಾಂಗ್‌ಡಾಂಗ್ ಪ್ರಾಂತದ ಒಂದು ತುಂಡಾಗಿದ್ದು ಆ ವರ್ಷ ತಾನೇ ಒಂದು ಪ್ರಾಂತವಾಯಿತು. ಅದರ ಈಶಾನ್ಯ ಮೂಲೆಯ ವೆನ್‌ಚಾಂಗ್ ಎಂಬ ಸೀಮೆ ತೆಂಗಿಗೂ ಪ್ರಸಿದ್ಧ, ಕೋಳಿಗೂ ಪ್ರಸಿದ್ಧ. ಅಲ್ಲಿಂದ ಹೊಟ್ಟೆಪಾಡಿಗಾಗಿ ಸಿಂಗಪುರಕ್ಕೆ ಹೋದವರು ಆ ಕೋಳಿಯ ನೆನಪಿನಲ್ಲಿ ಕೋಳಿ-ಅನ್ನವನ್ನು ಹುಟ್ಟಿಸಿದರು. ಈಚೆಗೆ ಶೆನ್‌ಜೆನ್‌ನ ಹೋಟೆಲಿನವರು ಅದೇ ಕೋಳಿಯನ್ನು ಎಳನೀರಿಗೆ ಇಳಿಸಿದ್ದಾರೆ.

ಹೌದು, ಎಳನೀರಿಗೆ. ನೀರಿನ ಒಂದು ಹನಿಯೂ ಇಲ್ಲ. ಹುಡುಗನೊಬ್ಬ ಬಂದು ನಮ್ಮ ಕಣ್ಣೆದುರಿಗೇ ನಾಲ್ಕು ಕಾಯಿಗಳ ನೀರನ್ನು ಪಾತ್ರೆಗೆ ಸುರಿದು, ಒಳಗಿನ ತಿರುಳನ್ನು ಪಟ್ಟಿಪಟ್ಟಿಯಾಗಿ ಕೊಯ್ದು ತೇಲಿಬಿಟ್ಟ. ತಿಪಟೂರಿನ ಕಾಯಿ ತಿಂದು ಬೆಳೆದ ನನಗೆ ಎಳನೀರು ಒಲೆಯ ಮೇಲೆ ಕುದಿಯುವುದನ್ನು ನೋಡಿದಾಗ ಆದ ಸಂಕಟವನ್ನು ಹೇಳಲಾರೆ. ಕುದಿ ಬಂದ ಮೇಲೆ ಹಸಿ ಕೋಳಿಯ ತುಂಡುಗಳನ್ನು ಹಾಕಿ, ಮುಚ್ಚಳ ಮುಚ್ಚಿ, ಪಕ್ಕದಲ್ಲಿ ಒಂದು ಮರಳುಗಡಿಯಾರವನ್ನು ತಿರುವಿಟ್ಟು ಹೋದ. ಬೆಂದೀತೇ ಎಂದು ನಾನು ಮುಚ್ಚಳಕ್ಕೆ ಕೈಚಾಚಿದೆ.

"ಮಾವ, ಈಗಲೇ ತೆಗೀಬೇಡಿ. ಮರಳು ಪೂರ್ತಿ ಇಳೀಲಿ" ಎಂದ ಸೋದರಳಿಯ.

ಮುಚ್ಚಳವನ್ನು ಪದೇ ಪದೇ ತೆರೆದರೆ ನೊರೆ ಹೆಚ್ಚಿ ಪರಿಮಳ ಕಡಮೆಯಾಗುತ್ತದೆಂದು ಯುವಾನ್ ಮೇ ತನ್ನ ಪುಸ್ತಕದಲ್ಲಿ ಎಚ್ಚರಿಸಿದ್ದಾನೆ. ಅವನ ಜಗಳ ಈ ಪುಟ್ಟ ಗಾಜಿನ ಬುರುಡೆಯಲ್ಲಿ ಬಂದು ಕುಳಿತಿತ್ತು. ಉಣ್ಣುವವನ ಕೈಗೆ ಅಡಿಗೆಯನ್ನು ಕೊಟ್ಟರೂ ಹೊತ್ತಿನ ಲೆಕ್ಕವನ್ನು ಹೋಟೆಲಿನವನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾನೆ. ಮೊದಲು ಕೋಳಿ ಮಾತ್ರ, ಆಮೇಲೆ ಅದರ ಸಾರು ಒಂದೊಂದು ಬಟ್ಟಲು, ಅದಾದ ಮೇಲೆ ಅಣಬೆ, ಕಡೆಗೆ ಸೊಪ್ಪು ಎಂದು ಕ್ರಮವನ್ನೂ ಅವನೇ ಹೇಳಿಕೊಟ್ಟ. ನಂಚಿಕೊಳ್ಳಲು ಸೋಯಾ ರಸ, ಅದಕ್ಕೆ ಹಿಂಡಲು ಗೋಲಿಯಷ್ಟು ಸಣ್ಣ ಹಸಿರು ನಿಂಬೆ, ಕಚೋರದ ವಾಸನೆಯನ್ನು ನೆನಪಿಗೆ ತರುವ ಒಂದು ಶುಂಠಿಜಾತಿಯ ಗೆಡ್ಡೆ, ಹಸಿಮೆಣಸಿನಕಾಯಿ. ಸಾರಿಗೆ ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ಎಳನೀರಿನ ಸಿಹಿ, ಕೋಳಿಯ ಸತ್ವ, ಅಷ್ಟೆ. ಚೆನ್ನಾಗಿತ್ತೆ ಎಂದು ಕೇಳಿದರೆ, ಬಹಳ ಚೆನ್ನಾಗಿತ್ತು. ಊರೂರಿನವರು ಬಂದು ಸೇರಿದ ಪಟ್ಟಣದಲ್ಲಿ ಇದು ಯಾಕೆ ಗೆದ್ದಿತೆಂಬುದಕ್ಕೆ ನನ್ನ ಊಹೆ ಇದು: ಯಾವ ಊರಿನವರ ನಾಲಿಗೆಗೂ ಸೇರಿದ್ದಲ್ಲವಾದ್ದರಿಂದ ಯಾರ ಜಗಳವೂ ಇಲ್ಲ, ಬೇಕಾದವರು ತಮ್ಮ ಬಟ್ಟಲಿನ ನಂಚಿಕೆಯಲ್ಲಿ ತಮ್ಮ ಊರನ್ನು ಕಲಸಿಕೊಳ್ಳಬಹುದು.

ನಮ್ಮ ಮೇಜಿನಲ್ಲಿ ಆರು ಜನ. ಅಳಿಯನ ಸಹೋದ್ಯೋಗಿಯೊಬ್ಬಳು ಹೂನಾನಿನವಳು. ಅವಳ ತಾಯಿಯೂ ಊರಿನಿಂದ ಬಂದಿದ್ದರು, ಎಪ್ಪತ್ತರ ಮುದುಕಿ. ಇನ್ನೊಬ್ಬ ಹಾರ್ಬಿನ್‌ನವನು. ಒಬ್ಬೊಬ್ಬರ ಮುಂದೆಯೂ ಎರಡೆರಡು ಜೊತೆ ಕಡ್ಡಿ: ಕರಿಯದು ಪಾತ್ರೆಗೆ, ಬಿಳಿಯದು ಬಾಯಿಗೆ. ಹಾರ್ಬಿನ್‌ನವನಿಗೆ ವು ಲಿಯನ್-ತೆ ಅವರ ಹೆಸರು ಹೇಳಿದೆ. ಅವರ ಹೆಸರಿನ ಸ್ಮಾರಕ ತಮ್ಮ ಊರಿನಲ್ಲಿದೆಯೆಂದು ಅವನು ಹಿಗ್ಗಿದ. ಮುದುಕಿಗೆ ಎರಡು ಜೊತೆಯ ಲೆಕ್ಕ ಕೊನೆಯವರೆಗೂ ಹಿಡಿಯಲಿಲ್ಲ. ಕರಿಯದು ಬಾಯಿಗೂ ಬಿಳಿಯದು ಪಾತ್ರೆಗೂ ಹೋಗಿ ಬರುತ್ತಿತ್ತು. ಮಗಳು ಎರಡು ಸಲ ಮೆಲ್ಲನೆ ತಿದ್ದಿ, ಮೂರನೆಯ ಸಲ ಸುಮ್ಮನಾದಳು.

ಅಳಿಯನ ಹೆಂಡತಿ ಮೈಸೂರಿನ ಹುಡುಗಿ, ಮೊಟ್ಟೆಯನ್ನೂ ಮುಟ್ಟುವವಳಲ್ಲ. ಒಂದೇ ಪಾತ್ರೆಯ ಊಟದಲ್ಲಿ ಇಂಥವರ ಗತಿಯೇನು ಎಂಬ ಪ್ರಶ್ನೆ ನನ್ನನ್ನು ಮೊದಲಿನಿಂದಲೂ ಕಾಡುತ್ತಿತ್ತು. ಎಲೆಯೂಟದಲ್ಲಿ ಅವಳು ಏನನ್ನಾದರೂ ಬೇಡವೆನ್ನಬಹುದು, ಪಂಕ್ತಿಯಿಂದ ಏಳಬೇಕಾಗಿಲ್ಲ. ಇಲ್ಲಿ ಪಾತ್ರೆಯನ್ನು ಬೇಡವೆಂದರೆ ಊಟವೇ ಇಲ್ಲ. ಹೋಟೆಲಿನವರು ಕೇಳಿದ ಕೂಡಲೆ ಒಂದು ಪುಟ್ಟ ಪಾತ್ರೆಯನ್ನೂ ಪುಟ್ಟ ಒಲೆಯನ್ನೂ ತಂದು ಅವಳ ಮುಂದಿಟ್ಟು, ಇನ್ನೆರಡು ಕಾಯಿ ಒಡೆದು, ಅಣಬೆ, ಬಿದಿರುಕಳಲೆ, ಜೋಳದ ತುಂಡು ಕೊಟ್ಟರು. ಸಾರ್ಸಿನ ಕಾಲದ ಒಂಟಿ ಪಾತ್ರೆಯಿಂದ ಇದೊಂದು ಉಪಕಾರವಾಯಿತು. ಆದರೆ ದೊಡ್ಡ ಪಾತ್ರೆಯ ಸುತ್ತ ಐದು ಜನರ ಕೈಗಳು ಆಡುತ್ತಿರುವಾಗ ಅವಳು ಮೂಲೆಯಲ್ಲಿ ತನ್ನ ಪಾತ್ರೆಯನ್ನು ತಾನೇ ಕಲಕಿಕೊಳ್ಳುತ್ತಿದ್ದದ್ದು ನನಗೆ ಸ್ವಲ್ಪ ಕೆಡುಕೆನಿಸಿತು. ಅವಳಿಗೆ ಏನೂ ಅನಿಸಿರಲಿಲ್ಲವೆಂದೇ ಕಾಣುತ್ತದೆ. "ನೀವು ಸಾರು ಕುಡೀರಿ ಮಾವ, ಆರುತ್ತೆ" ಎಂದಳು.

ಮುದುಕಿ ಬಹಳ ಹೊತ್ತಿನಿಂದ ಆ ಪುಟ್ಟ ಪಾತ್ರೆಯ ಕಡೆಗೇ ನೋಡುತ್ತಿದ್ದರು. ಒಮ್ಮೆ ಮಗಳ ಕಿವಿಯಲ್ಲಿ ಏನೋ ಕೇಳಿ, ಈ ಸಲ ಯೋಚಿಸಿ ಕರಿಯ ಕಡ್ಡಿಯನ್ನೇ ಆರಿಸಿ, ಕಾಗದದಿಂದ ಒರಸಿ, ಹುಡುಗಿಯ ಮುಖ ನೋಡಿದರು. ಅವಳು ಒಂದು ಕ್ಷಣ ತಡೆದು, ಪಾತ್ರೆಯನ್ನು ಅವರ ಕಡೆಗೆ ಸರಿಸಿದಳು. ಮುದುಕಿ ಒಂದು ಅಣಬೆಯನ್ನು ಎತ್ತಿಕೊಂಡು, ತಾವು ತಿನ್ನದೆ, ಅದನ್ನು ಅವಳ ಬಟ್ಟಲಿಗೇ ಹಾಕಿದರು.